ದೊಡ್ಡ ಇರುಳು, ಇನ್ವರ್ಕಾರ್ಗಿಲ್‌ನಲ್ಲಿ

ಗಂಟೆ ಒಂಬತ್ತು. ಬಿಸಿಲಿನ್ನೂ
ಹಿತ್ತಲ ತಂತಿಯಲ್ಲಿ ಒಣಗಿದ ನನ್ನ ಸಮವಸ್ತ್ರದ
ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತೇ ಇದೆ.
ವರ್ಷದ ಅತಿ ದೊಡ್ಡ ಇರುಳು ಇವತ್ತು
ಎನ್ನುತ್ತದೆ ಅಕ್ಕ ಕಳಿಸಿದ ಪಂಚಾಂಗ.
ಅದಕ್ಕೇನು ಗೊತ್ತು, ಪಾಪ,
ಛ್ವಾನ್‌ಝೌ ಪೇಟೆಯಲ್ಲಿ ಅಚ್ಚಾದದ್ದು.
ನ್ಯೂಜಿಲೆಂಡಿನ ಈ ಕೊನೆಯಲ್ಲಿ, ಭೂಮಿಯ ಬುಡದಲ್ಲಿ,
ಇವತ್ತೇ ಅತಿ ದೊಡ್ಡ ಹಗಲು.

"ಕತ್ತಲಾಗದೆ ದೊಂಗ್‌ಝಿ ಹೇಗೆ ಮಾಡೋದು?" ಅಂದೆ.
"ಹಸಿವಾಗಿದೆಯಲ್ಲ, ಸಾಕು" ಅಂದಳು ಪೈಛಿ.
ಹಾರ್ಬಿನ್‌ನವಳು. ಹಿಟ್ಟು ನಾದುವುದನ್ನು ನೋಡಬೇಕು,
ಹಳೆಯ ಸಾಲ ವಸೂಲಿಗೆ ಬಂದವಳ ಹಾಗೆ.
ಅವಳ ಊರಲ್ಲಿ ಈ ದಿನ ಕಡುಬು ತಿನ್ನದವರ
ಕಿವಿ ಚಳಿಗೆ ಉದುರಿ ಬೀಳುತ್ತವಂತೆ.
ನನ್ನ ಊರಲ್ಲಿ ಅಕ್ಕಿಯ ಉಂಡೆ:
ಒಳಗೆ ಕರಿ ಎಳ್ಳಿನ ಹೂರಣ, ಸುತ್ತ ಶುಂಠಿ ಬೆಲ್ಲದ ನೀರು,
ಬಟ್ಟಲು ಬರಿದಾದರೆ ಒಂದು ವರ್ಷ ದೊಡ್ಡವರಾದ ಹಾಗೆ.
ಮೂರು ವರ್ಷದಿಂದ ಈ ಜಗಳ
ಒಂದೇ ಒಲೆಯ ಎರಡು ಉರಿಗಳ ಮೇಲೆ ಕುದಿಯುತ್ತಿದೆ.

ಲೋಸಲೀನ್ ಬಂದಳು, ತೋಂಗಾದವಳು, ನನ್ನ ಪಾಳಿಯ ಜೊತೆಗಾತಿ,
ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನ ಹಾಲಲ್ಲಿ ಬೇಯಿಸಿದ ಕುರಿಮಾಂಸ
ಎದೆಗವಚಿಕೊಂಡು, ಕೂಸನ್ನು ತಂದ ಹಾಗೆ.
ಕಣ್ಮುಚ್ಚಿ ಅವಳು ಪ್ರಾರ್ಥನೆಗೆ ನಿಂತರೆ
ದ್ವೀಪದ ಬಂಧುಗಳ ಹೆಸರೆಲ್ಲ ಮುಗಿಯುವ ತನಕ ಊಟವಿಲ್ಲ.
ಪಕ್ಕದ ಮನೆಯ ಡೂಗಲ್ ಬಂದ, ನಾಯಿಯೂ ಬಂತು.
ನಲವತ್ತು ವರ್ಷ ಅಲ್ಯೂಮಿನಿಯಂ ಕುಲುಮೆಯಲ್ಲಿ ದುಡಿದು
ಎಡಗಿವಿಯನ್ನು ಅಲ್ಲೇ ಬಿಟ್ಟು ಬಂದವನು.
ಕಿವಿಯ ಕಥೆಯನ್ನು ಪೈಛಿ ಅವನ ಬಲಕ್ಕೆ ಬಾಗಿ ಕೂಗಿ ಹೇಳಿದಳು.
"ಇದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ!"
ಹನ್ನೊಂದು ಕಡುಬು ತಿಂದ. ಎಡಗಿವಿ ಸವರಿಕೊಂಡು ನೋಡಿದ.
ಇನ್ನೂ ಎರಡು ತಿಂದ.

ಅಜ್ಜಿ ಮಾಡುತ್ತಿದ್ದಂತೆ ಬಾಗಿಲಿನ ಎರಡು ಪಕ್ಕಕ್ಕೂ
ಒಂದೊಂದು ಉಂಡೆ ಅಂಟಿಸಿದ್ದೆ, ದ್ವಾರಪಾಲಕರ ಪಾಲು.
ನೋಡುತ್ತೇನೆ, ಎಡಗಡೆಯದು ಮಾಯ,
ನಾಯಿಯ ಮೀಸೆಗೆ ಎಳ್ಳು.
ದೇವರು ಯಾವ ರೂಪದಲ್ಲಿ ಬರುತ್ತಾನೋ ಯಾರು ಬಲ್ಲರು
ಎಂದು ಬಲಗಡೆಯದನ್ನೂ ಕಿತ್ತು ಕೊಟ್ಟೆ.

ಹತ್ತೂಕಾಲಿಗೆ ಫೋನಿನಲ್ಲಿ ಅಕ್ಕ.
ಅವಳಲ್ಲಿ ಸಂಜೆ ಐದೂಕಾಲು, ಉಂಡೆ ಇನ್ನೂ ಅಂಗೈಯಲ್ಲಿ ಉರುಳುತ್ತಿದೆ.
"ಇಲ್ಲಿ ಈಗ ಕತ್ತಲಾಗುತ್ತಿದೆ" ಅಂದಳು.
ತಲೆಯೆತ್ತಿ ನೋಡಿದರೆ
ನಮ್ಮ ಬೀದಿಯ ದೀಪವೂ ಆಗತಾನೇ
ಎರಡು ಸಲ ಮಿಣುಕಿ ಹತ್ತಿಕೊಂಡಿತು.
ಇದು ನನಗೆ ಹೊಳೆದೇ ಇರಲಿಲ್ಲ.
ಋತು ತಲೆಕೆಳಗು, ಗಡಿಯಾರ ಎತ್ತಲೋ,
ಆದರೂ ಅದೇ ಗಳಿಗೆಗೆ
ಎರಡು ಊರಿಗೂ ಕತ್ತಲು ಬಂದು ಕದ ತಟ್ಟಿದೆ.
ಫೋನನ್ನು ಕಿಟಕಿಗೆ ಹಿಡಿದೆ. ಅವಳೂ ಹಿಡಿದಳು.
ಇಬ್ಬರಿಗೂ ಏನೂ ಸರಿಯಾಗಿ ಕಾಣಲಿಲ್ಲ.
"ಕಂಡಿತಾ?"
"ಕಂಡಿತು, ಕಂಡಿತು."

ಹನ್ನೊಂದಕ್ಕೆ ಪಾಳಿ. ಪಾತ್ರೆಗಳನ್ನು ಪೈಛಿಗೆ ಒಪ್ಪಿಸಿ ಹೊರಟೆ.
ವೃದ್ಧಾಶ್ರಮಕ್ಕೆ ಉಂಡೆ ಒಯ್ಯುವಂತಿಲ್ಲ,
ಗಂಟಲಿಗೆ ಸಿಕ್ಕಿಕೊಂಡರೆ ನನ್ನ ಕೆಲಸವೂ ಉಳಿಯದು;
ಶುಂಠಿ ಬೆಲ್ಲದ ನೀರಷ್ಟೇ ಫ್ಲಾಸ್ಕಿನಲ್ಲಿ.
ಏಳನೆಯ ಕೋಣೆಯ ಶ್ರೀಮತಿ ಓರ್ಮಂಡ್‌ಗೆ ನಿದ್ದೆಯಿಲ್ಲ.
ಮೂಸಿದರು. "ಇದು ಏನು ಮಾಡುತ್ತದೆ?"
"ಕುಡಿದರೆ ಒಂದು ವರ್ಷ ಹೆಚ್ಚಾಗುತ್ತದೆ."
ತೊಂಬತ್ತಮೂರರ ಬೆರಳು ಲೆಕ್ಕ ಹಾಕಿತು.
"ಹಾಗಾದರೆ ಅರ್ಧ ಲೋಟ ಸಾಕು."

ಐದಕ್ಕೇ ಕಿಟಕಿ ಬೆಳ್ಳಗಾಯಿತು,
ಲೋಸಲೀನ್ ಆಕಳಿಸುತ್ತ ಪರದೆ ಸರಿಸಿದಳು.
ಅಕ್ಕನ ಊರಲ್ಲಿ ಈಗ ಸರಿಯಾಗಿ ನಡುರಾತ್ರಿ,
ಇನ್ನೂ ಅರ್ಧ ಇರುಳು ಬಾಕಿ.
ಮಲಗಿರಲಿ.
ನನ್ನ ಪಾಲಿನ ನಿದ್ದೆಯನ್ನೂ ಅವರೇ ಮುಗಿಸಲಿ.